ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಸೌಂಡ್ ಬರದಿದ್ದರೆ ಎಲ್ಲಿಂದ ಹುಡುಕಬೇಕು?

ಬೆಂಗಳೂರಿನ ಮನೆಯಲ್ಲಿ ನಲ್ಲಿ ತಿರುಗಿಸಿದಾಗ ನೀರು ಬರದಿದ್ದರೆ ಯಾರೂ ನಲ್ಲಿಯನ್ನೇ ಕಿತ್ತು ಹೊಸದು ಹಾಕುವುದಿಲ್ಲ. ಟ್ಯಾಂಕ್ ಖಾಲಿಯೇ, ಸಂಪ್‌ನಲ್ಲಿ ನೀರಿದೆಯೇ, ಮೋಟರ್ ಓಡಿತೇ, ಯಾರಾದರೂ ವಾಲ್ವ್ ಮುಚ್ಚಿದ್ದಾರೆಯೇ ಎಂದು ನೋಡುತ್ತಾರೆ. ಸೌಂಡ್ ವಿಷಯದಲ್ಲಿ ಮಾತ್ರ ಹೊಸಬರು ಮೊದಲು ಮಾಡುವ ಕೆಲಸ ಪ್ಯಾಕೇಜ್ ಕಿತ್ತು ಮತ್ತೆ ಹಾಕುವುದು. ಆಗ ಮೊದಲಿದ್ದ ಒಂದು ತೊಂದರೆಯ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ.

ಧ್ವನಿ ಸಾಗುವ ದಾರಿ ಹೀಗಿದೆ: ಬ್ರೌಸರ್ ಅಥವಾ ಪ್ಲೇಯರ್, ಅದರ ಕೆಳಗೆ ಸೌಂಡ್ ಸರ್ವರ್ (ಎಲ್ಲ ಅಪ್ಲಿಕೇಶನ್‌ಗಳ ಧ್ವನಿಯನ್ನು ಸೇರಿಸಿ ಕಳಿಸುವ ಕಾರ್ಯಕ್ರಮ), ಅದರ ಕೆಳಗೆ ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಆಲ್ಸಾ ಎಂಬ ಸೌಂಡ್ ಡ್ರೈವರ್, ಆಮೇಲೆ ಮದರ್‌ಬೋರ್ಡ್ ಮೇಲಿನ ಕೋಡೆಕ್ ಚಿಪ್ (ಅಂಕಿಗಳನ್ನು ಧ್ವನಿಯ ಸಿಗ್ನಲ್ ಆಗಿಸುವ ಚಿಪ್), ಕೊನೆಗೆ ಜಾಕ್ ಮತ್ತು ಸ್ಪೀಕರ್. ಸರ್ವರ್ ಎಂದರೆ ಹಳೆಯ ವ್ಯವಸ್ಥೆಗಳಲ್ಲಿ ಪಲ್ಸ್‌ಆಡಿಯೊ, ಹೊಸದರಲ್ಲಿ ಪೈಪ್‌ವೈರ್. ಫೆಡೋರಾ 34ರಲ್ಲಿ (2021) ಪೈಪ್‌ವೈರ್ ಡೀಫಾಲ್ಟ್ ಆಯಿತು, ಉಬುಂಟುವಿನಲ್ಲಿ 22.10ರಿಂದ. ಉಬುಂಟು 22.04 ಇಟ್ಟುಕೊಂಡವರಿಗೆ ಸೌಂಡ್ ನೋಡಿಕೊಳ್ಳುವುದು ಪಲ್ಸ್‌ಆಡಿಯೊನೇ. ಅಲ್ಲಿ ಪೈಪ್‌ವೈರ್ ಇನ್‌ಸ್ಟಾಲ್ ಆಗಿರುತ್ತದೆ ನಿಜ, ಆದರೆ ಅದು ಸ್ಕ್ರೀನ್ ಹಂಚಿಕೆಯಂಥ ಕೆಲಸಕ್ಕೆ. ಈ ವ್ಯತ್ಯಾಸ ಗೊತ್ತಿಲ್ಲದೆ ಒಂದರ ಕಮಾಂಡ್ ಇನ್ನೊಂದರ ಮೇಲೆ ಪ್ರಯೋಗಿಸಿ ಸಂಜೆ ಕಳೆಯುವವರು ಬಹಳ.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ.

ಮೊದಲು ವೈರ್

ಇದನ್ನು ಹೇಳಿದರೆ ಕೆಲವರಿಗೆ ಅವಮಾನವಾಗುತ್ತದೆ, ಆದರೂ ನೋಡಿ. 2.1 ಸ್ಪೀಕರ್‌ಗೆ ತನ್ನದೇ ಕರೆಂಟ್ ಬೇಕು. ಯುಪಿಎಸ್‌ನ ಹಿಂದೆ ಬ್ಯಾಟರಿಯಿಂದ ನಡೆಯುವ ಸಾಕೆಟ್ ಬೇರೆ, ಬರೀ ಸರ್ಜ್ ತಡೆಯುವ ಸಾಕೆಟ್ ಬೇರೆ ಇರುವುದುಂಟು. ಸ್ಪೀಕರ್ ಎರಡನೆಯದರಲ್ಲಿದ್ದರೆ ಕರೆಂಟ್ ಹೋದ ಕೂಡಲೇ ಕಂಪ್ಯೂಟರ್ ಓಡುತ್ತಲೇ ಇರುತ್ತದೆ, ಸೌಂಡ್ ಮಾತ್ರ ನಿಲ್ಲುತ್ತದೆ. ಸ್ಪೀಕರ್‌ನ 3.5 ಮಿಮೀ ಪಿನ್ನನ್ನು ಫೋನಿಗೆ ಚುಚ್ಚಿ ಹಾಡು ಹಾಕಿ. ಅಲ್ಲಿ ಕೇಳಿಸಿದರೆ ಸ್ಪೀಕರ್ ಸರಿಯಿದೆ. ಕ್ಯಾಬಿನೆಟ್ ಹಿಂಭಾಗದಲ್ಲಿ ಹಸಿರು ಜಾಕ್ ಲೈನ್ ಔಟ್, ಗುಲಾಬಿ ಮೈಕ್, ನೀಲಿ ಲೈನ್ ಇನ್. ಮೇಜಿನ ಕೆಳಗೆ ಕತ್ತಲಲ್ಲಿ ಕೈ ಹಾಕಿ ಚುಚ್ಚಿದ್ದರೆ ಟಾರ್ಚ್ ಹಿಡಿದು ಇನ್ನೊಮ್ಮೆ ನೋಡಿ.

ಕರ್ನಲ್‌ಗೆ ಕಾರ್ಡ್ ಕಾಣುತ್ತಿದೆಯೇ

ಇಡೀ ಹುಡುಕಾಟವನ್ನು ಎರಡು ಭಾಗ ಮಾಡುವ ಪ್ರಶ್ನೆ ಇದು.

ಎಪ್ಲೇ -ಎಲ್

ಸಾಮಾನ್ಯವಾಗಿ ಎಚ್‌ಡಿಎಂಐ ಮತ್ತು ಅನಲಾಗ್ ಎರಡೂ ಬಗೆಯ ಸಾಲು ಕಾಣಬೇಕು. ಅವು ಬೇರೆ ಬೇರೆ ಕಾರ್ಡ್ ಆಗಿರಬಹುದು, ಒಂದೇ ಕಾರ್ಡ್‌ನ ಡಿವೈಸ್‌ಗಳೂ ಆಗಿರಬಹುದು. ಅನಲಾಗ್ ಸಾಲಿನಲ್ಲಿ ಎಎಲ್‌ಸಿ887, ಎಎಲ್‌ಸಿ897 ಎಂಬಂಥ ರಿಯಲ್‌ಟೆಕ್ ಕೋಡೆಕ್ ಹೆಸರಿರುತ್ತದೆ. ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಈ ಕುಟುಂಬದ ಚಿಪ್‌ಗಳೇ. ಕಾರ್ಡ್ ಸಂಖ್ಯೆ ಮತ್ತು ಡಿವೈಸ್ ಸಂಖ್ಯೆ ಎರಡನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕು.

ಕಾರ್ಡೇ ಇಲ್ಲ ಎಂದು ಬಂದರೆ ತಕ್ಷಣ ನಂಬಬೇಡಿ. ಅನುಮತಿ ಇಲ್ಲದ ಬಳಕೆದಾರರಿಗೂ ಎಪ್ಲೇ ಇದೇ ಉತ್ತರ ಕೊಡುತ್ತದೆ. ಅದಕ್ಕೇ ಇದನ್ನೂ ನೋಡಿ:

ಕ್ಯಾಟ್ /ಪ್ರಾಕ್/ಅಸೌಂಡ್/ಕಾರ್ಡ್ಸ್

ಇಲ್ಲಿ ಕಾರ್ಡ್ ಇದ್ದು ಎಪ್ಲೇಯಲ್ಲಿ ಇಲ್ಲದಿದ್ದರೆ ದೋಷ ಹಾರ್ಡ್‌ವೇರ್‌ನದಲ್ಲ, ಅನುಮತಿಯದು. ಯಂತ್ರದ ಮುಂದೆ ಕುಳಿತು ಲಾಗಿನ್ ಆದವರಿಗೆ ಸಿಸ್ಟಮ್‌ಡಿ (ಲಾಗಿನ್, ಸೇವೆಗಳನ್ನು ನೋಡಿಕೊಳ್ಳುವ ವ್ಯವಸ್ಥೆ) ಸೌಂಡ್ ಸಾಧನದ ಅನುಮತಿಯನ್ನು ತಾನಾಗಿ ಕೊಡುತ್ತದೆ. ಎಸ್‌ಎಸ್‌ಎಚ್ ಮೂಲಕ ದೂರದಿಂದ ಬಂದವರಿಗೆ ಕೊಡುವುದಿಲ್ಲ. ಲ್ಯಾಬ್‌ನ ಯಂತ್ರವನ್ನು ಹಾಸ್ಟೆಲ್‌ನಿಂದ ಪರೀಕ್ಷಿಸುವವರು ಎಡವುವುದು ಇಲ್ಲೇ. ‘ಆಡಿಯೊ’ ಗುಂಪಿಗೆ ನಿಮ್ಮನ್ನು ಸೇರಿಸಿಕೊಳ್ಳಿ ಎಂಬ ಹಳೆಯ ಸಲಹೆ ಇಂದಿನ ಡೆಸ್ಕ್‌ಟಾಪ್‌ಗೆ ಬೇಕಿಲ್ಲ. ಹಾಗೆ ಸೇರಿಸಿಕೊಂಡರೆ ಒಂದೇ ಯಂತ್ರಕ್ಕೆ ಇಬ್ಬರು ಲಾಗಿನ್ ಆದಾಗ ಒಬ್ಬರು ಹಿಡಿದ ಕಾರ್ಡ್ ಇನ್ನೊಬ್ಬರಿಗೆ ಸಿಗದೆ ಹೋಗಬಹುದು.

ಎರಡು ಕಡೆಯೂ ಅನಲಾಗ್ ಕಾರ್ಡ್ ಇಲ್ಲವೇ? ಹಾಗಾದರೆ

ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ

ಆಡಿಯೊ ಎಂಬ ಸಾಲು ಹುಡುಕಿ. ಸಾಲೇ ಇಲ್ಲದಿದ್ದರೆ ಬಯೋಸ್‌ನಲ್ಲಿ ಎಚ್‌ಡಿ ಆಡಿಯೊ ಕಂಟ್ರೋಲರ್ ಆಫ್ ಆಗಿರುತ್ತದೆ. ಮದರ್‌ಬೋರ್ಡ್ ಬ್ಯಾಟರಿ ಬದಲಿಸಿದ್ದರೆ, ಬಯೋಸ್ ರೀಸೆಟ್ ಆಗಿದ್ದರೆ ಮೊದಲು ಅಲ್ಲೇ ನೋಡಿ. ಸಾಲಿದ್ದು, ಕೆಳಗೆ ಬಳಕೆಯಲ್ಲಿರುವ ಡ್ರೈವರ್ ಎಂದು ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಕಾಣದಿದ್ದರೆ ಆ ಡ್ರೈವರ್‌ನ ಮಾಡ್ಯೂಲ್ ಕರ್ನಲ್‌ಗೆ ಲೋಡ್ ಆಗಿಲ್ಲ. ಹೆಸರಲ್ಲಿ ಇಂಟೆಲ್ ಇದ್ದರೂ ಎಎಂಡಿ ಬೋರ್ಡ್‌ಗೂ ಇದೇ ಡ್ರೈವರ್, ಗಾಬರಿ ಬೇಡ. ಡ್ರೈವರ್ ಇದ್ದೂ ಕಾರ್ಡ್ ಇಲ್ಲದಿದ್ದರೆ ‘ಸುಡೊ ಡಿಮೆಸೇಜ್’ ಕೊಟ್ಟು ಕರ್ನಲ್‌ನ ಸಂದೇಶಗಳನ್ನು ಓದಿ (ಟೈಪ್ ಮಾಡುವಾಗ ಡಿ, ಎಂ, ಇ, ಎಸ್, ಜಿ). ಕೋಡೆಕ್ ಸಿಗಲಿಲ್ಲ ಎಂಬ ದೂರು ಅಲ್ಲಿದ್ದರೆ ಯಂತ್ರವನ್ನು ಪೂರ್ತಿ ಆರಿಸಿ, ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಒಂದು ನಿಮಿಷ ಬಿಟ್ಟು ಹಚ್ಚಿ. ಪಕ್ಕದಲ್ಲಿ ವಿಂಡೋಸ್ ಕೂಡ ಇದ್ದರೆ ಅದರ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಪೂರ್ತಿ ಆರದೆ ಅರೆನಿದ್ರೆಯಲ್ಲಿ ಮಲಗುವುದರಿಂದ ಚಿಪ್ ಅರೆಬರೆ ಸ್ಥಿತಿಯಲ್ಲಿ ಲಿನಕ್ಸ್ ಕೈಗೆ ಸಿಗುವುದುಂಟು.

ನಿನ್ನೆ ಬರುತ್ತಿದ್ದ ಸೌಂಡ್ ಅಪ್‌ಡೇಟ್ ಆದ ಮೇಲೆ ನಿಂತಿದ್ದರೆ ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಹಿಂದಿನ ಕರ್ನಲ್ ಆರಿಸಿ ಬೂಟ್ ಮಾಡಿ. ಅದರಲ್ಲಿ ಬಂದರೆ ಅಪರಾಧಿ ಕರ್ನಲ್, ಮುಂದಿನ ಅಪ್‌ಡೇಟ್‌ವರೆಗೆ ಹಳೆಯದರಲ್ಲೇ ಇರಿ.

ಮ್ಯೂಟ್ ಎಂಬ ಮುಚ್ಚಿದ ವಾಲ್ವ್

ಕಾರ್ಡ್ ಇದೆ, ಸೌಂಡ್ ಇಲ್ಲ ಎಂದಾದರೆ ‘ಆಲ್ಸಾಮಿಕ್ಸರ್’ ತೆರೆಯಿರಿ. ತೆರೆದಾಗ ಒಂದೇ ಪಟ್ಟಿ ಕಾಣಿಸಿದರೆ ನೀವು ನೋಡುತ್ತಿರುವುದು ಸರ್ವರ್‌ನ ಮುಖವನ್ನು, ಕಾರ್ಡನ್ನಲ್ಲ. ಎಫ್6 ಒತ್ತಿ ನಿಜವಾದ ಕಾರ್ಡ್ ಆರಿಸಿ. ಮಾಸ್ಟರ್, ಹೆಡ್‌ಫೋನ್, ಫ್ರಂಟ್, ಪಿಸಿಎಂ ಇವೆಲ್ಲ ಆಗ ಬರುತ್ತವೆ. ಪಟ್ಟಿಯ ಕೆಳಗೆ ‘ಎಂಎಂ’ ಎಂದಿದ್ದರೆ ಮ್ಯೂಟ್, ‘00’ ಎಂದಿದ್ದರೆ ತೆರೆದಿದೆ. ಎಂ ಕೀ ಒತ್ತಿದರೆ ಬದಲಾಗುತ್ತದೆ. ಮಾಸ್ಟರ್ 100 ಇದ್ದು ಫ್ರಂಟ್ ಮ್ಯೂಟ್ ಆಗಿದ್ದರೂ ಹಿಂದಿನ ಹಸಿರು ಜಾಕ್ ಮೌನ. ಡೆಸ್ಕ್‌ಟಾಪ್‌ನ ವಾಲ್ಯೂಮ್ ಪಟ್ಟಿಯಲ್ಲಿ ಇದು ಕಾಣುವುದೇ ಇಲ್ಲ.

ಬಲಕ್ಕೆ ಸರಿಯುತ್ತ ಹೋದರೆ ‘ಆಟೋ-ಮ್ಯೂಟ್ ಮೋಡ್’ ಸಿಗುತ್ತದೆ. ಮುಂದಿನ ಜಾಕ್‌ಗೆ ಹೆಡ್‌ಫೋನ್ ಚುಚ್ಚಿದರೆ ಹಿಂದಿನ ಸ್ಪೀಕರ್ ತಾನಾಗಿ ಮುಚ್ಚುವ ವ್ಯವಸ್ಥೆ ಇದು. ಇದು ಕೆಡುವುದು ಕ್ಯಾಬಿನೆಟ್‌ನಿಂದ. ಮುಂದಿನ ಜಾಕ್‌ನಿಂದ ಮದರ್‌ಬೋರ್ಡ್‌ಗೆ ಬರುವ ವೈರ್‌ನ ತುದಿಯಲ್ಲಿ ಹಳೆಯ ಕ್ಯಾಬಿನೆಟ್‌ಗಳಲ್ಲಿ ಎರಡು ಪ್ಲಗ್ ಇರುತ್ತವೆ, ಒಂದರ ಮೇಲೆ ಎಸಿ97, ಇನ್ನೊಂದರ ಮೇಲೆ ಎಚ್‌ಡಿ ಆಡಿಯೊ. ಈಗಿನ ಬೋರ್ಡ್‌ಗೆ ಎರಡನೆಯದು ಬೇಕು. ಎರಡೂ ಒಂದೇ ಪಿನ್‌ಗಳಿಗೆ ಕೂರುವುದರಿಂದ ಅವಸರದಲ್ಲಿ ಮೊದಲನೆಯದನ್ನು ಕೂರಿಸಿಬಿಡುತ್ತಾರೆ. ಆಗ ಹೆಡ್‌ಫೋನ್ ಇದೆಯೋ ಇಲ್ಲವೋ ಎಂಬ ಸುಳಿವು ಚಿಪ್‌ಗೆ ತಪ್ಪಾಗಿ ಹೋಗಬಹುದು. ಇಲ್ಲದ ಹೆಡ್‌ಫೋನ್ ಇದೆ ಎಂದುಕೊಂಡು ಅದು ಸ್ಪೀಕರ್ ಬಾಯಿ ಮುಚ್ಚುತ್ತದೆ. ಜಾಕ್ ಒಳಗೆ ಧೂಳು ತುಂಬಿ ಸ್ಪ್ರಿಂಗ್ ಸಿಕ್ಕಿಕೊಂಡರೂ ಇದೇ ಫಲ. ಸದ್ಯಕ್ಕೆ ಆಟೋ-ಮ್ಯೂಟ್ ‘ಡಿಸೇಬಲ್ಡ್’ ಮಾಡಿ, ಬಿಡುವಾದಾಗ ಕ್ಯಾಬಿನೆಟ್ ಬಿಚ್ಚಿ ಪ್ಲಗ್ ಸರಿಪಡಿಸಿ. ಬದಲಾವಣೆ ಉಳಿಯಲು ‘ಸುಡೊ ಆಲ್ಸಾಸಿಟಿಎಲ್ ಸ್ಟೋರ್’.

ಈಗ ಸರ್ವರನ್ನು ಬದಿಗಿಟ್ಟು ನೇರವಾಗಿ ಕಾರ್ಡ್‌ಗೆ ಧ್ವನಿ ಕಳಿಸಿ:

ಸ್ಪೀಕರ್-ಟೆಸ್ಟ್ -ಡಿ ಪ್ಲಗ್‌ಎಚ್‌ಡಬ್ಲ್ಯೂ:1,0 -ಸಿ 2 -ಟಿ ವೇವ್

ಇಲ್ಲಿ ಡಿ ದೊಡ್ಡಕ್ಷರ, ವೇವ್ ಎಂಬುದು ಡಬ್ಲ್ಯೂ, ಎ, ವಿ ಮೂರೇ ಅಕ್ಷರ. 1,0 ಎಂಬುದು ನೀವು ಬರೆದಿಟ್ಟ ಕಾರ್ಡ್ ಮತ್ತು ಡಿವೈಸ್ ಸಂಖ್ಯೆ. ‘ಫ್ರಂಟ್ ಲೆಫ್ಟ್, ಫ್ರಂಟ್ ರೈಟ್’ ಎಂದು ಹೆಣ್ಣುದನಿ ಕೇಳಬೇಕು. ‘ಪ್ಲಗ್’ ಬಿಟ್ಟು ಬರೀ ಎಚ್‌ಡಬ್ಲ್ಯೂ ಕೊಟ್ಟರೆ ಕಾರ್ಡ್‌ಗೆ ಒಪ್ಪದ ಸ್ಯಾಂಪಲ್ ದರವೋ ನಮೂನೆಯೋ ಬಂದಾಗ ಪರೀಕ್ಷೆಯೇ ನಿಂತುಬಿಡುತ್ತದೆ. ಪ್ಲಗ್ ಇದ್ದರೆ ಆಲ್ಸಾ ಪರಿವರ್ತಿಸಿಕೊಳ್ಳುತ್ತದೆ. -16 ಎಂಬ ದೋಷ ಬಂದರೆ ಸಾಧನ ಬೇರೆಯವರ ಕೈಯಲ್ಲಿದೆ ಎಂದರ್ಥ. ಹಾಡುತ್ತಿರುವ ಬ್ರೌಸರ್ ಮುಚ್ಚಿ ಹತ್ತು ಸೆಕೆಂಡ್ ಕಾಯಿರಿ, ಸುಮ್ಮನಿದ್ದ ಸಾಧನವನ್ನು ಸರ್ವರ್ ತಾನೇ ಬಿಟ್ಟುಕೊಡುತ್ತದೆ. ಬಿಡದಿದ್ದರೆ ‘ಫ್ಯೂಸರ್ -ವಿ /ಡೆವ್/ಎಸ್‌ಎನ್‌ಡಿ/*’ ಯಾರು ಹಿಡಿದಿದ್ದಾರೆಂದು ಹೇಳುತ್ತದೆ. -2 ಬಂದರೆ ಸಂಖ್ಯೆ ತಪ್ಪಿದೆ. ಕಾರ್ಡ್ ಸಂಖ್ಯೆ ಬೂಟ್‌ನಿಂದ ಬೂಟ್‌ಗೆ ಅದಲುಬದಲಾಗಬಹುದು, ನಿನ್ನೆಯ 1 ಇಂದು 0.

ಈ ದನಿ ಕೇಳಿಸಿತೆಂದರೆ ಕರ್ನಲ್, ಚಿಪ್, ವೈರ್, ಸ್ಪೀಕರ್ ನಾಲ್ಕೂ ನಿರ್ದೋಷಿಗಳು. ಇನ್ನು ಕೆಳಗೆ ಹುಡುಕಿ ಫಲವಿಲ್ಲ.

ಸರ್ವರ್ ಬೇರೆ ಕಡೆ ತಿರುಗಿಸಿರಬಹುದು

ಪೈಪ್‌ವೈರ್‌ನಲ್ಲಿ ಯಾವ ಧ್ವನಿ ಯಾವ ಸಾಧನಕ್ಕೆ ಹೋಗಬೇಕೆಂದು ತೀರ್ಮಾನಿಸುವ ಕಾರ್ಯಕ್ರಮದ ಹೆಸರು ವೈರ್‌ಪ್ಲಂಬರ್. ಹೆಸರಲ್ಲೇ ಪ್ಲಂಬರ್ ಇದ್ದಾನೆ! ಅವನ ಲೆಕ್ಕ ನೋಡಲು:

ಡಬ್ಲ್ಯೂಪಿಸಿಟಿಎಲ್ ಸ್ಟೇಟಸ್

‘ಸಿಂಕ್ಸ್’ (ಧ್ವನಿ ಹೋಗಿ ಸೇರುವ ಸಾಧನಗಳು) ಎಂಬ ಭಾಗದಲ್ಲಿ ನಕ್ಷತ್ರ ಗುರುತಿರುವುದೇ ಈಗಿನ ದಾರಿ. ಸ್ಪೀಕರ್ ಇಲ್ಲದ ಮಾನಿಟರ್‌ಗೆ ಎಚ್‌ಡಿಎಂಐ ಕೇಬಲ್ ಹಾಕಿದ್ದರೆ ನಕ್ಷತ್ರ ಅದರ ಮೇಲೆ ಕೂತಿರುವ ಸಾಧ್ಯತೆ ಹೆಚ್ಚು. ವಾಲ್ಯೂಮ್ ಪಟ್ಟಿ ಏರಿಳಿಯುತ್ತದೆ, ಕಿವಿಗೆ ಏನೂ ಬೀಳದು. ಅನಲಾಗ್ ಸಾಲಿನ ಮುಂದಿನ ಸಂಖ್ಯೆ, ಉದಾಹರಣೆಗೆ 52 ಎಂದಿದ್ದರೆ, ‘ಡಬ್ಲ್ಯೂಪಿಸಿಟಿಎಲ್ ಸೆಟ್-ಡೀಫಾಲ್ಟ್ 52’ ಎಂದು ಕೊಡಿ.

ಅನಲಾಗ್ ಸಾಲೇ ಇಲ್ಲದಿದ್ದರೆ ಪ್ರೊಫೈಲ್ ತಪ್ಪಿರುತ್ತದೆ. ‘ಪಾವುಕಂಟ್ರೋಲ್’ ಹಾಕಿಕೊಂಡು ಕಾನ್ಫಿಗರೇಶನ್ ಟ್ಯಾಬ್‌ನಲ್ಲಿ ‘ಅನಲಾಗ್ ಸ್ಟೀರಿಯೊ ಡ್ಯೂಪ್ಲೆಕ್ಸ್’ ಆರಿಸಿ. ‘ಪ್ರೊ ಆಡಿಯೊ’ ಹೆಸರು ಆಕರ್ಷಕವಾಗಿದ್ದರೂ ಮುಟ್ಟಬೇಡಿ. ಅದು ಕಾರ್ಡ್‌ನ ಮಿಕ್ಸರನ್ನು ಪಕ್ಕಕ್ಕಿಡುತ್ತದೆ, ಅಲ್ಲಿ ಮ್ಯೂಟ್ ಇದ್ದದ್ದು ಮ್ಯೂಟ್ ಆಗಿಯೇ ಉಳಿಯುತ್ತದೆ. ಅದೇ ಕಿಟಕಿಯ ಪ್ಲೇಬ್ಯಾಕ್ ಟ್ಯಾಬ್‌ನಲ್ಲಿ ಒಂದೊಂದು ಅಪ್ಲಿಕೇಶನ್‌ಗೂ ಬೇರೆ ಮ್ಯೂಟ್ ಗುಂಡಿ ಇದೆ, ಹಾಡು ಓಡುತ್ತಿರುವಾಗಲೇ ನೋಡಬೇಕು.

ಸೆಟ್ಟಿಂಗ್ಸ್‌ನಲ್ಲಿ ‘ಡಮ್ಮಿ ಔಟ್‌ಪುಟ್’ ಮಾತ್ರ ಕಾಣಿಸಿದರೆ ಸರ್ವರ್‌ಗೆ ಯಾವ ಸಾಧನವೂ ಸಿಕ್ಕಿಲ್ಲ. ಸ್ಪೀಕರ್-ಟೆಸ್ಟ್‌ನಲ್ಲಿ ದನಿ ಬಂದಿತ್ತಾದರೆ:

ಸಿಸ್ಟಮ್‌ಸಿಟಿಎಲ್ --ಯೂಸರ್ ರೀಸ್ಟಾರ್ಟ್ ವೈರ್‌ಪ್ಲಂಬರ್ ಪೈಪ್‌ವೈರ್ ಪೈಪ್‌ವೈರ್-ಪಲ್ಸ್

ಇದಕ್ಕೆ ಸುಡೊ ಹಾಕಬಾರದು. ಈ ಸೇವೆಗಳು ನಿಮ್ಮ ಲಾಗಿನ್‌ಗೆ ಸೇರಿದವು, ರೂಟ್‌ಗಲ್ಲ. ಆಗಲೂ ತಪ್ಪು ಸಾಧನಕ್ಕೇ ಅಂಟಿಕೊಂಡರೆ ಮನೆ ಫೋಲ್ಡರ್‌ನೊಳಗಿನ ‘.ಲೋಕಲ್/ಸ್ಟೇಟ್/ವೈರ್‌ಪ್ಲಂಬರ್’ ಫೋಲ್ಡರ್‌ನ ಹೆಸರು ಬದಲಿಸಿ, ಮತ್ತೆ ರೀಸ್ಟಾರ್ಟ್ ಮಾಡಿ. ಹಳೆಯ ನೆನಪು ಅಳಿಯುತ್ತದೆ. ಎರಡು ಸರ್ವರ್ ಒಟ್ಟಿಗೆ ಓಡುತ್ತಿವೆ ಎಂಬ ಅನುಮಾನವಿದ್ದರೆ ‘ಪಿಎಸಿಟಿಎಲ್ ಇನ್ಫೊ’ ಕೊಟ್ಟು ಸರ್ವರ್ ನೇಮ್ ಸಾಲು ಓದಿ. ‘ಪಲ್ಸ್‌ಆಡಿಯೊ (ಆನ್ ಪೈಪ್‌ವೈರ್)’ ಎಂದಿದ್ದರೆ ಮಾತಾಡುತ್ತಿರುವುದು ಪೈಪ್‌ವೈರ್.

ಸೌಂಡ್ ಬರುತ್ತದೆ, ಆದರೆ ನೋಟಿಫಿಕೇಶನ್‌ನಂಥ ಚಿಕ್ಕ ಸದ್ದಿನ ಮೊದಲ ತುಣುಕು ನುಂಗಿಹೋಗುತ್ತದೆ, ಇಲ್ಲವೇ ನಡುನಡುವೆ ‘ಟಪ್’ ಎನ್ನುತ್ತದೆ ಎಂದರೆ ಅದು ವಿದ್ಯುತ್ ಉಳಿತಾಯದ ಕೆಲಸ. ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಮಾಡ್ಯೂಲ್‌ನ ಪವರ್_ಸೇವ್ ಸೆಟ್ಟಿಂಗ್‌ನ ಮೌಲ್ಯವನ್ನು 0 ಮಾಡಿ. ಡೆಸ್ಕ್‌ಟಾಪ್‌ನಲ್ಲಿ ಇದರಿಂದ ಕರೆಂಟ್ ಬಿಲ್ ಏರುವಷ್ಟೇನೂ ಇಲ್ಲ.

ಸ್ಪೀಕರ್-ಟೆಸ್ಟ್ ದೋಷವಿಲ್ಲದೆ ಓಡಿ, ಮಿಕ್ಸರ್ ಎಲ್ಲ ತೆರೆದಿದ್ದು, ಹಿಂದಿನ ಜಾಕ್ ಮುಂದಿನ ಜಾಕ್ ಎರಡರಲ್ಲೂ ಮೌನವಿದ್ದರೆ ಲೈವ್ ಯುಎಸ್‌ಬಿಯಿಂದ ಬೇರೆ ಡಿಸ್ಟ್ರೊ ಬೂಟ್ ಮಾಡಿ ಕೇಳಿ ನೋಡಿ. ಅಲ್ಲೂ ಇಲ್ಲ, ವಿಂಡೋಸ್‌ನಲ್ಲೂ ಇಲ್ಲ ಎಂದರೆ ಚಿಪ್‌ನ ಅನಲಾಗ್ ಭಾಗ ಸುಟ್ಟಿರಬಹುದು. ಅದಕ್ಕಾಗಿ ಮದರ್‌ಬೋರ್ಡ್ ಬದಲಿಸಬೇಕಿಲ್ಲ. ಪೆನ್‌ಡ್ರೈವ್ ಗಾತ್ರದ ಯುಎಸ್‌ಬಿ ಸೌಂಡ್ ಕಾರ್ಡ್ ಚುಚ್ಚಿದರೆ ಕರ್ನಲ್‌ನಲ್ಲೇ ಇರುವ ಎಸ್‌ಎನ್‌ಡಿ-ಯುಎಸ್‌ಬಿ-ಆಡಿಯೊ ಡ್ರೈವರ್ ಅದನ್ನು ಗುರುತಿಸುತ್ತದೆ, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಎಪ್ಲೇ -ಎಲ್‌ನಲ್ಲಿ ಇನ್ನೊಂದು ಕಾರ್ಡ್ ಆಗಿ ಕಂಡ ಮೇಲೆ ನಕ್ಷತ್ರವನ್ನು ಅದರತ್ತ ಸರಿಸಿ.