ಮಗನ ಮನೆ ಯಾವ ಊರಿನಲ್ಲಿದೆ? ಇಂಗ್ಲೆಂಡಿನ ಪಾರಂಪರಿಕ ತಾಣಗಳ ಸದಸ್ಯತ್ವದ ಲೆಕ್ಕ

ಶಿರಸಿಯಲ್ಲಿ ಪ್ರವಾಸ ಯೋಜನೆಯ ಕಚೇರಿ ನಡೆಸುವ ನನಗೆ ಫೆಬ್ರುವರಿ ಮುಗಿಯುತ್ತಿದ್ದಂತೆ ಒಂದೇ ಬಗೆಯ ವಿಚಾರಣೆಗಳು ಬರತೊಡಗುತ್ತವೆ. ಕೊನೆಕೊಯ್ಲು ಮುಗಿದು ಅಡಿಕೆಯ ಕೆಲಸ ಹಗುರಾದ ಮೇಲೆ, ಕೊಳೆಮದ್ದು ಹೊಡೆಯುವ ಕಾಲ ಬರುವುದರೊಳಗೆ, ಎರಡು ತಿಂಗಳ ಮಟ್ಟಿಗೆ ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ತಂದೆತಾಯಿಯರು ವೀಸಾ, ವಿಮಾನದ ಮಾತು ಮುಗಿಸಿ ಕೊನೆಗೆ ಕೇಳುವುದು ಇದನ್ನೇ: ಅಲ್ಲಿ ಕೋಟೆ, ಅರಮನೆ ನೋಡಲು ವರ್ಷದ ಕಾರ್ಡು ಮಾಡಿಸಬೇಕಂತೆ, ಯಾವುದನ್ನು ಮಾಡಿಸುವುದು?

ಈ ಪ್ರಶ್ನೆ ನಮಗೆ ಹೊಸದೆನಿಸಲು ಕಾರಣವಿದೆ. ಬನವಾಸಿಯ ಮಧುಕೇಶ್ವರನ ಸನ್ನಿಧಿಗೆ ಟಿಕೆಟ್ ಇಲ್ಲ. ಹಂಪಿಯ ವಿಜಯ ವಿಠ್ಠಲ ದೇವಾಲಯಕ್ಕೆ 2018ರ ಪರಿಷ್ಕೃತ ದರದಂತೆ ಭಾರತೀಯರಿಗೆ 40 ರೂಪಾಯಿ, ನಗದುರಹಿತವಾಗಿ ಕೊಟ್ಟರೆ 35, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಉಚಿತ. ನಮ್ಮಲ್ಲಿ ಖರ್ಚಾಗುವುದು ವಾಹನಕ್ಕೆ ಮತ್ತು ಊಟಕ್ಕೆ, ಪ್ರವೇಶಕ್ಕಲ್ಲ. ಆದರೆ ಇತಿಹಾಸಪೂರ್ವ ಕಾಲದ ಕಲ್ಲುಗಳ ವೃತ್ತವಾದ ಸ್ಟೋನ್‌ಹೆಂಜ್ ಒಂದಕ್ಕೇ ವಯಸ್ಕರಿಗೆ ತಲಾ 20 ಪೌಂಡಿಗೂ ಮೀರಿದ ಟಿಕೆಟ್ ಇರುವ ದೇಶದಲ್ಲಿ ನಾಲ್ಕು ಜನರ ಕುಟುಂಬ ಲೆಕ್ಕ ಹಾಕದೆ ಹೊರಟರೆ ಜೇಬು ಬರಿದಾಗುತ್ತದೆ.

ವರ್ಷದ ಶುಲ್ಕ ಕಟ್ಟಿ ಸದಸ್ಯರಾದವರಿಗೆ ಕಾರ್ಡು ಕೊಟ್ಟು ತಮ್ಮ ತಾಣಗಳಿಗೆ ಉಚಿತ ಪ್ರವೇಶ ನೀಡುವ ಸಂಸ್ಥೆಗಳು ಅಲ್ಲಿ ಮುಖ್ಯವಾಗಿ ಎರಡಿವೆ. 1895ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಟ್ರಸ್ಟ್ ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನ ಶ್ರೀಮಂತ ಬಂಗಲೆಗಳು, ಉದ್ಯಾನಗಳು, ಕಡಲತೀರದ ಭೂಮಿಯನ್ನು ನೋಡಿಕೊಳ್ಳುತ್ತದೆ. ಇಂಗ್ಲಿಷ್ ಹೆರಿಟೇಜ್ ಇಂಗ್ಲೆಂಡಿನ ಕೋಟೆಗಳು, ಪಾಳುಬಿದ್ದ ಮಠಗಳು, ರೋಮನ್ ಅವಶೇಷಗಳು ಸೇರಿದಂತೆ 400ಕ್ಕೂ ಹೆಚ್ಚು ತಾಣಗಳನ್ನು ನಿರ್ವಹಿಸುತ್ತದೆ. ಈ 400ರ ಸಂಖ್ಯೆಯನ್ನು ಕಂಡು ಮರುಳಾಗಬಾರದು, ಏಕೆಂದರೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಪ್ರವೇಶ ಶುಲ್ಕವೇ ಇಲ್ಲ. ಕಾರ್ಡು ಇದ್ದರೂ ಇಲ್ಲದಿದ್ದರೂ ಒಳಗೆ ಹೋಗಬಹುದು. ನಿಮಗೆ ಬೇಕಾದ ಲೆಕ್ಕವೆಂದರೆ ಮಗನ ಮನೆಯಿಂದ ಒಂದೂವರೆ ಗಂಟೆಯ ಕಾರಿನ ದಾರಿಯೊಳಗೆ ಟಿಕೆಟ್ ಇರುವ ಎಷ್ಟು ತಾಣಗಳಿವೆ ಎಂಬುದು ಮಾತ್ರ.

ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್ ಸುತ್ತಮುತ್ತ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮವರು ಬಹಳ. ಅಲ್ಲಿಂದ ಬೇಸಿಲ್ಡನ್ ಪಾರ್ಕ್, ಕ್ಲೈವ್‌ಡನ್, ಇನ್ನಷ್ಟು ಮುಂದೆ ಹೋದರೆ ವಾಡೆಸ್ಡನ್, ಇವೆಲ್ಲ ನ್ಯಾಷನಲ್ ಟ್ರಸ್ಟಿನವು. ಅದೇ ಮಗಳು ಉತ್ತರದ ನ್ಯೂಕ್ಯಾಸಲ್ಲಿನಲ್ಲಿದ್ದರೆ ಟೈನ್‌ಮೌತ್, ವಾರ್ಕ್‌ವರ್ತ್ ಕೋಟೆಗಳು, ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಚೆಸ್ಟರ್ಸ್ ಶಿಬಿರ, ಲಿಂಡಿಸ್‌ಫಾರ್ನಿನ ಮಠ, ಎಲ್ಲವೂ ಇಂಗ್ಲಿಷ್ ಹೆರಿಟೇಜಿನವು. ಅದೇ ಗೋಡೆಯ ಹೌಸ್‌ಸ್ಟೆಡ್ಸ್ ಶಿಬಿರದಂತಹ ಕೆಲವೆಡೆ ಒಡೆತನ ಒಬ್ಬರದು, ನಿರ್ವಹಣೆ ಇನ್ನೊಬ್ಬರದು ಆಗಿರುವುದರಿಂದ ಎರಡೂ ಕಾರ್ಡು ನಡೆಯುತ್ತವೆ. ಸ್ಟೋನ್‌ಹೆಂಜಿಗೂ ನ್ಯಾಷನಲ್ ಟ್ರಸ್ಟ್ ಸದಸ್ಯರಿಗೆ ಉಚಿತ ಪ್ರವೇಶವಿದೆ. ವಾರ್ಷಿಕ ಶುಲ್ಕ ಗಿಟ್ಟಬೇಕಾದರೆ ಸಾಮಾನ್ಯವಾಗಿ ನಾಲ್ಕೈದು ದೊಡ್ಡ ತಾಣಗಳನ್ನಾದರೂ ನೋಡಬೇಕಾಗುತ್ತದೆ ಎಂದು ನಾನು ಹೇಳುತ್ತೇನೆ. ನ್ಯಾಷನಲ್ ಟ್ರಸ್ಟಿನ ವಿಷಯದಲ್ಲಿ ವಾಹನ ನಿಲುಗಡೆಯ ಉಳಿತಾಯವನ್ನೂ ಸೇರಿಸಿಕೊಳ್ಳಿ. ಕಡಲತೀರಕ್ಕೆ ಪದೇ ಪದೇ ಹೋಗುವ ಮನೆಯವರಿಗೆ ಅದು ಸಣ್ಣ ಮೊತ್ತವಲ್ಲ.

ಬಹಳ ಜನ ಎಡವುವುದು ಲಂಡನ್ನಿನ ಮತ್ತು ಅದರಾಚೆಯ ಕೆಲವು ಹೆಸರಾಂತ ತಾಣಗಳಲ್ಲಿ. ಟವರ್ ಆಫ್ ಲಂಡನ್ ಮತ್ತು ಹ್ಯಾಂಪ್ಟನ್ ಕೋರ್ಟ್ ಬೇರೆಯೇ ಸಂಸ್ಥೆಯ ಅಧೀನದಲ್ಲಿವೆ, ವಿಂಡ್ಸರ್ ಕೋಟೆ ಮತ್ತೊಂದರದು, ಬಾತ್ ಪಟ್ಟಣದ ರೋಮನ್ ಸ್ನಾನಗೃಹ ಅಲ್ಲಿನ ಸ್ಥಳೀಯ ಆಡಳಿತದ್ದು. ಮೇಲಿನ ಎರಡು ಕಾರ್ಡುಗಳಲ್ಲಿ ಒಂದೂ ಇಲ್ಲಿ ನಡೆಯುವುದಿಲ್ಲ. ವಿಂಡ್ಸರ್ ಟಿಕೆಟನ್ನು ಮಧ್ಯವರ್ತಿಗಳ ಬದಲು ನೇರವಾಗಿ ಅದನ್ನು ನೋಡಿಕೊಳ್ಳುವ ರಾಯಲ್ ಕಲೆಕ್ಷನ್ ಟ್ರಸ್ಟಿನಿಂದಲೇ ಕೊಂಡರೆ ಅದನ್ನು ಒಂದು ವರ್ಷದ ಪಾಸಾಗಿ ಪರಿವರ್ತಿಸಿಕೊಳ್ಳಲು ಅವಕಾಶವಿದೆ. ಇನ್ನು ಟಿಪ್ಪುವಿನ ಹುಲಿಯನ್ನು ನೋಡಬೇಕೆಂದು ಕೇಳದ ಕನ್ನಡಿಗರು ಕಡಿಮೆ; ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ, ಪ್ರವೇಶ ಉಚಿತ. ಟಿಪ್ಪುವಿನ ಡೇರೆ ಮಾತ್ರ ವೇಲ್ಸಿನ ಪೊವಿಸ್ ಕೋಟೆಯಲ್ಲಿದ್ದು, ಅದಕ್ಕೆ ನ್ಯಾಷನಲ್ ಟ್ರಸ್ಟಿನ ಕಾರ್ಡು ಬೇಕು, ಇಲ್ಲವೇ ಟಿಕೆಟ್.

ಎರಡೇ ತಿಂಗಳಿಗೆ ಹೋಗುವವರು ವರ್ಷದ ಶುಲ್ಕ ಏಕೆ ಕೊಡಬೇಕು ಎಂಬುದು ನ್ಯಾಯವಾದ ಪ್ರಶ್ನೆ. ಇಂಗ್ಲಿಷ್ ಹೆರಿಟೇಜ್ ವಿದೇಶಿ ನಿವಾಸಿಗಳಿಗೆಂದೇ 9 ದಿನ ಮತ್ತು 16 ದಿನಗಳ ಪಾಸುಗಳನ್ನು ರೂಪಿಸಿದೆ. ಈ ದಿನಗಳು ಸತತವಾಗಿ ಎಣಿಕೆಯಾಗುತ್ತವೆ, ಮಗನಿಗೆ ರಜೆ ಸಿಗುವುದು ಶನಿವಾರ, ಭಾನುವಾರ ಮಾತ್ರ. ಪಾಸು ಶನಿವಾರ ಆರಂಭವಾದರೆ 9 ದಿನಗಳಲ್ಲಿ ಎರಡು, 16 ದಿನಗಳಲ್ಲಿ ಮೂರು ಪೂರ್ತಿ ವಾರಾಂತ್ಯಗಳು ಸಿಗುತ್ತವೆ. ಸೋಮವಾರ ಆರಂಭಿಸಿದರೆ ಒಂದೊಂದು ವಾರಾಂತ್ಯ ಕೈತಪ್ಪುತ್ತದೆ. ಮೇ ಕೊನೆಯಲ್ಲಿ ಅಲ್ಲಿನ ಶಾಲೆಗಳಿಗೆ ಸಿಗುವ ವಾರದ ರಜೆಯನ್ನೂ ಒಳಗೊಳ್ಳುವಂತೆ ಹೊಂದಿಸಿದರೆ ಮೊಮ್ಮಕ್ಕಳೂ ಜೊತೆಯಾಗುತ್ತಾರೆ. ಚಳಿಗಾಲಕ್ಕೆ ಹೋಗುವವರಿಗೆ ಪಾಸನ್ನು ನಾನು ಹೇಳುವುದೇ ಇಲ್ಲ. ಆಗ ಅನೇಕ ಕೋಟೆಗಳು ವಾರಾಂತ್ಯದಲ್ಲಷ್ಟೇ ತೆರೆದಿರುತ್ತವೆ, ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ. ಸೆಪ್ಟೆಂಬರಿನಲ್ಲಿ ಅಲ್ಲಿರುವವರು ಹೆರಿಟೇಜ್ ಓಪನ್ ಡೇಸ್ ದಿನಾಂಕಗಳನ್ನು ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಹಣ ಕೊಟ್ಟು ನೋಡುವ ಕೆಲವು ತಾಣಗಳೂ ಆಗ ಉಚಿತವಾಗಿ ತೆರೆದಿರುತ್ತವೆ.

ವರ್ಷವಿಡೀ ಅಲ್ಲೇ ಇರುವ ಮಗ, ಸೊಸೆ ತಮ್ಮ ಹೆಸರಿನಲ್ಲಿ ಸದಸ್ಯರಾಗುವುದು ಬೇರೆ ವಿಚಾರ, ಅದು ಬಹುಪಾಲು ಲಾಭವೇ. ಇಂಗ್ಲಿಷ್ ಹೆರಿಟೇಜಿನಲ್ಲಿ ಒಬ್ಬ ವಯಸ್ಕ ಸದಸ್ಯರು ತಮ್ಮ ಕುಟುಂಬದ ಆರು ಮಕ್ಕಳವರೆಗೆ ಉಚಿತವಾಗಿ ಕರೆದೊಯ್ಯಬಹುದು. ಅವರು ಅಲ್ಲಿ ತೆರಿಗೆ ಕಟ್ಟುವವರಾದರೆ ದಾನದ ಹಣಕ್ಕೆ ತೆರಿಗೆ ರಿಯಾಯಿತಿ ನೀಡುವ ಗಿಫ್ಟ್ ಏಡ್ ಯೋಜನೆಯ ನಮೂನೆಗೆ ಒಪ್ಪಿಗೆ ಕೊಡಲಿ. ಸಂಸ್ಥೆಗೆ ಪ್ರತಿ 100 ಪೌಂಡಿಗೆ 25 ಪೌಂಡ್ ಸರ್ಕಾರದಿಂದ ಸೇರುತ್ತದೆ. ಆದಾಯ ತೆರಿಗೆಯ ಶೇಕಡಾ 40ರ ಹಂತದಲ್ಲಿರುವವರು ತಾವೂ 25 ಪೌಂಡನ್ನು ತೆರಿಗೆಯಲ್ಲಿ ಮರಳಿ ಪಡೆಯಬಹುದು. ಈ ಎರಡನೆಯ ಭಾಗವನ್ನು ಕೇಳಿ ಪಡೆಯುವವರು ವಿರಳ.

ತಂದೆತಾಯಿಯರ ಹೆಸರಿನಲ್ಲೇ ಸದಸ್ಯತ್ವ ಮಾಡಿಸುವುದಾದರೆ ಎಚ್ಚರ ವಹಿಸಬೇಕಾದದ್ದು ಹಣ ಕಟ್ಟುವ ವಿಧಾನದಲ್ಲಿ. ಡೈರೆಕ್ಟ್ ಡೆಬಿಟ್, ಅಂದರೆ ಮಗನ ಬ್ಯಾಂಕ್ ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಆದೇಶದ ಮೂಲಕ ಕಟ್ಟಿದರೆ ಸದಸ್ಯತ್ವ ತಾನಾಗಿ ನವೀಕರಣಗೊಳ್ಳುತ್ತದೆ. ಕಾರ್ಡು ಹೆಸರಿನವರಿಗೇ ಸೀಮಿತವಾದ್ದರಿಂದ ಊರಿಗೆ ಮರಳಿದವರ ಕಾರ್ಡನ್ನು ಮಗ ಬಳಸುವಂತಿಲ್ಲ, ಆದರೂ ಅವನ ಖಾತೆಯಿಂದ ಮರುವರ್ಷವೂ ಹಣ ಹೋಗುತ್ತದೆ. ಆದ್ದರಿಂದ ನವೀಕರಣದ ಮೊದಲು ಸಂಸ್ಥೆಗೆ ತಿಳಿಸಿ ಸದಸ್ಯತ್ವವನ್ನು ನಿಲ್ಲಿಸಬೇಕು. ಬ್ಯಾಂಕಿನಲ್ಲಿಯೂ ಆ ಆದೇಶ ರದ್ದಾಗಿದೆಯೇ ಎಂದು ಮಗ ಒಮ್ಮೆ ನೋಡಿಕೊಳ್ಳಲಿ.