ರೇಡಿಯಾಲಜಿಗೆ ಮೊದಲು ಒಂದು ವರ್ಷ ವಾರ್ಡಿನಲ್ಲಿ

ಮಾರ್ಚ್ ತಿಂಗಳ ಮೂರನೇ ಶುಕ್ರವಾರ ಅಮೆರಿಕದಲ್ಲಿ ಮ್ಯಾಚ್ ಡೇ. ಹೊಸ ಡಾಕ್ಟರುಗಳಿಗೆ ಯಾವ ಆಸ್ಪತ್ರೆಯಲ್ಲಿ ರೆಸಿಡೆನ್ಸಿ (ಸ್ಪೆಷಲಿಸ್ಟ್ ಆಗುವ ತರಬೇತಿ) ಎಂದು ಗೊತ್ತಾಗುವ ದಿನ. ಆಮೇಲೆ ಊರಿನ ಕಡೆಯಿಂದ ನನಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಖಾಯಂ. "ಮಗಳಿಗೆ ರೇಡಿಯಾಲಜಿ ಸಿಕ್ಕಿದೆ ಅಂತಾಳೆ. ಆದ್ರೆ ಮೊದಲನೇ ವರ್ಷ ಬೇರೆ ಊರು, ಬೇರೆ ಆಸ್ಪತ್ರೆ, ಕೆಲಸ ಎಲ್ಲಾ ವಾರ್ಡಲ್ಲಂತೆ. ಏನಾದ್ರೂ ಮೋಸವಾ ಡಾಕ್ಟ್ರೇ?"

ಮೋಸ ಅಲ್ಲ. ಅದು ಟ್ರಾನ್ಸಿಷನಲ್ ಇಯರ್. ರೇಡಿಯಾಲಜಿ, ಅನಸ್ತೇಸಿಯಾ, ಚರ್ಮರೋಗ, ರೇಡಿಯೇಷನ್ ಆಂಕಾಲಜಿಯಂಥ ವಿಭಾಗಗಳಿಗೆ ಹೋಗುವವರು ಮೊದಲು ಒಂದು ವರ್ಷ ಸಾಮಾನ್ಯ ರೋಗಿಗಳನ್ನು ನೋಡಿರಬೇಕು. ಕೆಲವು ಕಡೆ ಆ ವರ್ಷವೂ ಸೀಟಿನ ಜೊತೆಗೇ ಬರುತ್ತದೆ. ಇನ್ನು ಕೆಲವು 'ಅಡ್ವಾನ್ಸ್ಡ್' ಸೀಟುಗಳು. ಇವು ಶುರುವಾಗುವುದು ಮುಂದಿನ ವರ್ಷದ ಜುಲೈಗೆ. ಮಧ್ಯದ ವರ್ಷವನ್ನು ನಾವೇ ಹುಡುಕಿಕೊಳ್ಳಬೇಕು. ಪೂರ್ತಿ ಮೆಡಿಸಿನ್ ಅಥವಾ ಪೂರ್ತಿ ಸರ್ಜರಿಯಲ್ಲಿ ಕಳೆದರೆ ಅದು ಪ್ರಿಲಿಮಿನರಿ ವರ್ಷ. ಮೆಡಿಸಿನ್, ಎಮರ್ಜೆನ್ಸಿ, ಹೊರರೋಗಿ ವಿಭಾಗ, ಜೊತೆಗೆ ಇಷ್ಟದ ಕೆಲವು ವಿಷಯ ಎಂದು ಸುತ್ತಿದರೆ ಟ್ರಾನ್ಸಿಷನಲ್.

ನಮ್ಮ ಹೌಸ್ ಸರ್ಜನ್ಸಿ ಥರಾನಾ ಎಂದು ಕೇಳುತ್ತಾರೆ. ಸುತ್ತಾಟ ಅದೇ ರೀತಿ, ಕೆಲಸ ಬೇರೆ. ಅಲ್ಲಿ ರಕ್ತ ಎಳೆದು, ಕ್ಯಾನುಲಾ ಹಾಕಿ, ಲ್ಯಾಬಿಗೆ ಓಡಿ ಕೈ ಪಳಗುತ್ತದೆ. ಇಲ್ಲಿ ಅದನ್ನೆಲ್ಲ ಹೆಚ್ಚಾಗಿ ನರ್ಸುಗಳು, ರಕ್ತ ಎಳೆಯುವುದೇ ಕೆಲಸವಾದ ಫ್ಲೆಬಾಟಮಿಸ್ಟುಗಳು ಮಾಡುತ್ತಾರೆ. ಇಂಟರ್ನ್ ಮಾಡುವುದು ಆರ್ಡರ್ ಹಾಕುವುದು, ನೋಟ್ಸ್ ಬರೆಯುವುದು, ಡಿಸ್ಚಾರ್ಜ್ ಮಾಡುವುದು. ಏನೇ ಆದರೂ ನರ್ಸ್ ಮೊದಲು ಕರೆಯುವುದು ಇಂಟರ್ನನ್ನೇ.

ನಿಜವಾದ ಪಾಠ ಇರುವುದು ರಾತ್ರಿ ಪಾಳಿಯಲ್ಲಿ. ಸಂಜೆ ಹಗಲಿನ ತಂಡ ತನ್ನ ರೋಗಿಗಳನ್ನು ಒಪ್ಪಿಸಿ ಹೋಗುತ್ತದೆ. ಬಹಳ ಕಡೆ ಇದಕ್ಕೆ ಐ-ಪಾಸ್ ಎಂಬ ಕ್ರಮವಿದೆ: ರೋಗಿ ಎಷ್ಟು ಗಂಭೀರ, ಚುಟುಕಾಗಿ ಕಥೆ ಏನು, ಮಾಡಬೇಕಾದ್ದೇನು, ರಾತ್ರಿ ಏನಾಗಬಹುದು. ಕೊನೆಗೆ ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳಬೇಕು. ಆ ಕೊನೆಯದನ್ನೇ ಎಲ್ಲರೂ ಹಾರಿಸುವುದು! ಆಮೇಲೆ ಪೇಜರ್ ಶುರು. ಒಬ್ಬರಿಗೆ ನಿದ್ದೆ ಬರುತ್ತಿಲ್ಲ. ಇನ್ನೊಬ್ಬರ ರಕ್ತದ ಪೊಟ್ಯಾಸಿಯಂ 6.1, ಅಪಾಯದ ಮಟ್ಟ. ಮತ್ತೊಬ್ಬರ ಬಿಪಿ 88ಕ್ಕೆ ಇಳಿದಿದೆ. ಮೂರೂ ಹತ್ತು ನಿಮಿಷದೊಳಗೆ. ಯಾರ ಹತ್ತಿರ ಮೊದಲು ಓಡಬೇಕು, ಯಾವುದನ್ನು ಫೋನಿನಲ್ಲೇ ಮುಗಿಸಬಹುದು, ಸೀನಿಯರನ್ನು ಯಾವಾಗ ಎಬ್ಬಿಸಬೇಕು? ಪುಸ್ತಕ ಓದಿ ಇದು ಬರುವುದಿಲ್ಲ. ಜುಲೈನಲ್ಲಿ ಕಂಪ್ಯೂಟರ್ ಮುಂದೆ ಕೂತು ನಂಬರ್ ನೋಡುವ ಹುಡುಗರು, ಚಳಿಗಾಲದ ಹೊತ್ತಿಗೆ ತಾವಾಗಿ ಎದ್ದು ರೋಗಿಯ ಮಂಚದ ಹತ್ತಿರ ಹೋಗುತ್ತಾರೆ. ನಿದ್ದೆ ಬರದವರಿಗೆ ನಿಜಕ್ಕೂ ಉಸಿರು ಕಟ್ಟುತ್ತಿದೆ ಎಂದು ಗೊತ್ತಾಗುವುದೂ ಅಲ್ಲೇ.

ಮುಂದೆ ರೇಡಿಯಾಲಜಿಸ್ಟ್ ಆದಾಗ ಇದು ಕೆಲಸಕ್ಕೆ ಬರುತ್ತದೆ. ನಡುರಾತ್ರಿ ಬರುವ ಸ್ಕ್ಯಾನಿನ ಚೀಟಿಯಲ್ಲಿ 'ಹೊಟ್ಟೆನೋವು' ಅಂತಷ್ಟೇ ಇರುತ್ತದೆ. ವಾರ್ಡಿನಲ್ಲಿ ಅಂಥ ಚೀಟಿ ಬರೆದವರಿಗೆ, ಆ ಕಡೆ ಕಾಯುತ್ತಿರುವ ಇಂಟರ್ನ್‌ಗೆ ಏನು ಗೊತ್ತಾಗಬೇಕಿದೆ ಎನ್ನುವುದು ಗೊತ್ತಿರುತ್ತದೆ. ಹಾಗಾಗಿ ಇದನ್ನು 'ಆರಾಮ್ ವರ್ಷ' ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಇಷ್ಟದ ವಿಷಯಗಳಿಗೆ ಸಮಯ ಜಾಸ್ತಿ, ಕೆಲವು ಕಡೆ ಕೆಲಸ ಹಗುರವೂ ಹೌದು. ಅದಕ್ಕೇ ಪೈಪೋಟಿ ಜೋರು. ಚರ್ಮರೋಗ, ರೇಡಿಯಾಲಜಿಗೆ ಹೊರಟ ಒಳ್ಳೆಯ ಅಂಕದವರೇ ಇಲ್ಲೂ ಸಾಲಿನಲ್ಲಿರುತ್ತಾರೆ.

ದುಡಿಮೆಯ ಮಿತಿ ವಾರಕ್ಕೆ 80 ಗಂಟೆ, ನಾಲ್ಕು ವಾರದ ಸರಾಸರಿ. 1984ರಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಯೊಂದರಲ್ಲಿ ಲಿಬಿ ಝಯಾನ್ ಎಂಬ 18 ವರ್ಷದ ಹುಡುಗಿ ತೀರಿಕೊಂಡ ಮೇಲೆ, ದಣಿದ ರೆಸಿಡೆಂಟುಗಳ ದುಡಿಮೆಯ ಬಗ್ಗೆ ಶುರುವಾದ ಚರ್ಚೆ, 2003ರಲ್ಲಿ ದೇಶಕ್ಕೆಲ್ಲ ಒಂದೇ ನಿಯಮವಾಯಿತು.

ಈಗ ನಮ್ಮ ಕಡೆಯ ಎಂಬಿಬಿಎಸ್ ಮುಗಿಸಿ ಬರುವವರಿಗೆ ಮುಖ್ಯವಾದ ವಿಷಯ. ಟ್ರಾನ್ಸಿಷನಲ್ ಸೀಟು ಒಂದೇ ವರ್ಷದ್ದು. ಅಭ್ಯರ್ಥಿಗಳ ಮತ್ತು ಆಸ್ಪತ್ರೆಗಳ ಆಯ್ಕೆಯ ಪಟ್ಟಿಗಳನ್ನು ಕಂಪ್ಯೂಟರ್ ಹೊಂದಿಸುವುದೇ ಮ್ಯಾಚ್. ಅದರಲ್ಲಿ ಅಡ್ವಾನ್ಸ್ಡ್ ಸೀಟುಗಳಿಗೆ ಒಂದು ಪಟ್ಟಿ, ಅದರ ಜೊತೆಗೆ ಮೊದಲ ವರ್ಷಕ್ಕೆ ಇನ್ನೊಂದು ಪೂರಕ ಪಟ್ಟಿ ಕೊಡಬೇಕು. ಈ ಲೆಕ್ಕದ ಸೂತ್ರ ರೂಪಿಸಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆದರೂ ಎರಡೂ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಅಡ್ವಾನ್ಸ್ಡ್ ಸಿಕ್ಕಿ ಮೊದಲ ವರ್ಷ ತಪ್ಪಿದರೆ, ಅದೇ ವಾರ ಉಳಿದ ಸೀಟುಗಳಿಗೆ ಅರ್ಜಿ ಹಾಕಬಹುದು. ಬರೀ ಟ್ರಾನ್ಸಿಷನಲ್ ಸಿಕ್ಕರೆ ಕಷ್ಟ. ಮುಂದಿನ ಜೂನ್‌ಗೆ ಕೆಲಸ ಮುಗಿಯುತ್ತದೆ. ಜೆ-1 ವೀಸಾ ತರಬೇತಿಗೆ ಅಂಟಿಕೊಂಡಿರುವುದರಿಂದ ಅದರ ಚಿಂತೆಯೂ ಜೊತೆಗೇ. ವಿದೇಶದಲ್ಲಿ ಓದಿದವರಿಗೆ ಪೂರ್ತಿ ಲೈಸೆನ್ಸ್ ಕೊಡಲು ಹೆಚ್ಚಿನ ರಾಜ್ಯಗಳಿಗೆ ಒಂದು ವರ್ಷದ ತರಬೇತಿ ಸಾಲದು. ಆಮೇಲೆ ಮೆಡಿಸಿನ್‌ಗೆ ಸೇರಿದರೂ ಈ ವರ್ಷ ಪೂರ್ತಿ ಲೆಕ್ಕಕ್ಕೆ ಬರುತ್ತದೆ ಎಂದು ನಂಬಿ ಕೂರಬೇಡಿ. 'ಮೊದಲು ಒಳಗೆ ಹೋಗೋಣ, ಆಮೇಲೆ ನೋಡೋಣ' ಎನ್ನುವುದು ಇಲ್ಲಿ ದುಬಾರಿ ಲೆಕ್ಕ. ನನ್ನನ್ನು ಕೇಳಿದರೆ, ಮೂರು ವರ್ಷದ ಮೆಡಿಸಿನ್ ಅಥವಾ ಫ್ಯಾಮಿಲಿ ಮೆಡಿಸಿನ್ ಸೀಟನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳಿ ಎನ್ನುತ್ತೇನೆ.

ಇಂಟರ್‌ವ್ಯೂನಲ್ಲಿ ಸಂಕೋಚ ಬೇಡ. ವಾರ್ಡಿನಲ್ಲಿ ಎಷ್ಟು ತಿಂಗಳು, ರಾತ್ರಿ ಐಸಿಯುನಲ್ಲಿ ಜೊತೆಗೆ ಸೀನಿಯರ್ ಇರುತ್ತಾರಾ, ಯಾವ ವೀಸಾ ಕೊಡುತ್ತೀರಿ ಎಂದು ಕೇಳಿ. ಲೈಸೆನ್ಸಿಗೆ ಬೇಕಾದ ಪರೀಕ್ಷೆಗಳಲ್ಲಿ ಕೊನೆಯದಾದ, ಸಾಮಾನ್ಯ ಕಾಯಿಲೆಗಳನ್ನೆಲ್ಲ ಕೇಳುವ ಸ್ಟೆಪ್ 3 ಇದೇ ವರ್ಷ ಮುಗಿಸುವುದು ಒಳ್ಳೆಯದು. ರೇಡಿಯಾಲಜಿಗೆ ಹೋದ ಮೇಲೆ ಸಕ್ಕರೆ ಕಾಯಿಲೆಯ ಔಷಧಿ ಯಾರಿಗೆ ನೆನಪಿರುತ್ತೆ? ಇನ್ನೊಂದು ಸಣ್ಣ ವಿಷಯ, ಯಾರೂ ಹೇಳುವುದಿಲ್ಲ. ಇಲ್ಲಿನ ಕೆಲಸ ಸಾಮಾನ್ಯವಾಗಿ ಜೂನ್ 30ಕ್ಕೆ ಮುಗಿಯುತ್ತದೆ, ಮುಂದಿನದು ಜುಲೈ 1ಕ್ಕೆ ಶುರು, ಅದೂ ಇನ್ನೊಂದು ರಾಜ್ಯದಲ್ಲಿ. ಹೊಸ ಆಸ್ಪತ್ರೆಯ ಓರಿಯೆಂಟೇಷನ್ ಜೂನ್ ಕೊನೆಯ ವಾರದಲ್ಲೇ ಇರುತ್ತದೆ. ಸ್ವಲ್ಪ ರಜೆಯನ್ನು ಆ ವಾರಕ್ಕೇ ಉಳಿಸಿಕೊಳ್ಳಿ.