ಗೇರ್‌ಬಾಕ್ಸ್ ಇಳಿಸುವ ಮೊದಲು ಎಂಜಿನ್ ತೊಳೆಸಿ

ಆಯಿಲ್ ಎಲ್ಲಿ ತೊಟ್ಟಿಕ್ಕುತ್ತಿದೆಯೋ ಅಲ್ಲೇ ಸೋರುತ್ತಿದೆ ಅಂದುಕೊಳ್ಳಬೇಡಿ. ಮೇಲೆ ಸೋರಿದ ಆಯಿಲ್ ಎಂಜಿನ್ ಬ್ಲಾಕ್ ಮೇಲೆ ಜಾರಿ ಕೆಳಗಿಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ.

ಹೋದ ಮಳೆಗಾಲ ನವಲಗುಂದ ಕಡೆಯವರೊಬ್ಬರು ನನ್ನ ಗ್ಯಾರೇಜಿಗೆ ಕಾರು ತಂದರು. 'ಅಣ್ಣಾರ, ಹಿಂದಿನ ಕ್ರ್ಯಾಂಕ್ ಸೀಲ್ ಹೋಗೇತಂತ್ರೀ, ಗೇರ್‌ಬಾಕ್ಸ್ ಇಳಸಬೇಕಂತ' ಅಂದರು. ಬೇರೆ ಕಡೆ ಹಾಗೆ ಹೇಳಿದ್ದರಂತೆ. ಎಂಜಿನ್ನಿನ ಕ್ರ್ಯಾಂಕ್ ದಂಡ ಹೊರಬರುವ ಕಡೆ ಆಯಿಲ್ ಸೋರದಂತೆ ತಡೆಯುವ ಆ ಸೀಲ್ ಅಗ್ಗದ್ದೇ. ಆದರೆ ಅದು ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕೂತಿರುತ್ತದೆ, ಹಾಗಾಗಿ ಕೂಲಿ ಜಾಸ್ತಿ. ಗಾಡಿ ಎತ್ತಿ ನೋಡಿದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿ, ಅಂದರೆ ಚೇಂಬರ್ ಮೇಲೆಲ್ಲ ಎರೆಮಣ್ಣು ಆಯಿಲ್ ಕುಡಿದು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ನಮ್ಮ ಕಡೆ ಹೊಲದ ದಾರಿಗೆ ಹೋಗಿಬರುವ ಗಾಡಿಗಳ ಕಥೆ ಇದೇ. ಆ ಕೊಳೆಯಲ್ಲಿ ಹೊಸ ಸೋರಿಕೆ ಯಾವುದು, ಹಳೇದು ಯಾವುದು ಅಂತ ಯಾರಿಗೂ ಗೊತ್ತಾಗಲ್ಲ.

ಅದಕ್ಕೇ ಮೊದಲು ತೊಳೆಯಬೇಕು. ಎಂಜಿನ್ ತಣ್ಣಗಿರಲಿ. ಆಲ್ಟರ್ನೇಟರ್, ಕನೆಕ್ಟರ್‌ಗಳಿಗೆ ಪ್ಲಾಸ್ಟಿಕ್ ಸುತ್ತಿ, ಜಿಡ್ಡು ಬಿಡಿಸುವ ಡಿಗ್ರೀಸರ್ ಹಚ್ಚಿ, ಬ್ರಷ್‌ನಲ್ಲಿ ಉಜ್ಜಿ, ನೀರು ಮೆಲ್ಲಗೆ ಬಿಡಿ. ಒಣಗಿದ ಮೇಲೆ ಗಾಡಿ ಓಡಿಸಿ ಬಿಸಿ ಮಾಡಿ, ಟಾರ್ಚ್ ಹಿಡಿದು ಮೇಲಿಂದ ಕೆಳಗೆ ನೋಡುತ್ತ ಬನ್ನಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದೋ ಅಲ್ಲಿಂದಲೇ ಹುಡುಕಾಟ ಶುರು. ಅನುಮಾನ ಇದ್ದರೆ ಒಂದಿಷ್ಟು ಟಾಲ್ಕಂ ಪೌಡರ್ ಉದುರಿಸಿ, ಆಯಿಲ್ ಬಂದ ಗೆರೆ ಎದ್ದು ಕಾಣುತ್ತದೆ.

ಆ ಕಾರಿನಲ್ಲಿ ಗೆರೆ ಶುರುವಾಗಿದ್ದು ಎಂಜಿನ್ ತಲೆ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್‌ನ ಹಿಂದಿನ ಮೂಲೆಯಲ್ಲಿ. ಅಲ್ಲಿಂದ ಇಳಿದು ಗೇರ್‌ಬಾಕ್ಸ್ ಸಂದಿಗೆ ಬಂದು ತೊಟ್ಟಿಕ್ಕುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಸ್ವಲ್ಪದರಲ್ಲೇ ತಪ್ಪಿತು. ಕವರ್ ಬಿಚ್ಚಿ, ಅದರಡಿ ಸಂದಿ ಮುಚ್ಚುವ ರಬ್ಬರ್ ಪಟ್ಟಿ, ಅಂದರೆ ಪ್ಯಾಕಿಂಗ್ ತೆಗೆದೆ. ಬಿಸಿಗೆ ರಬ್ಬರ್ ಗಡುಸಾಗಿ, ಬಾಗಿಸಿದರೆ ಪಟ್ಟನೆ ಮುರಿಯಿತು.

ಇಂಥ ಪ್ಯಾಕಿಂಗ್ ಇದ್ದಾಗ ಸುಮ್ನೆ ಬೋಲ್ಟ್ ಬಿಗಿ ಮಾಡಿ ಪ್ರಯೋಜನ ಇಲ್ಲ. ಕವರ್ ಸೊಟ್ಟಗಾಗುತ್ತದೆ, ಇಲ್ಲವೇ ಅಲ್ಯೂಮಿನಿಯಂ ಥ್ರೆಡ್ ಹೋಗುತ್ತದೆ. ಎಷ್ಟೋ ಕಾರುಗಳಲ್ಲಿ ಈ ಸಣ್ಣ ಬೋಲ್ಟ್‌ಗಳಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ನಿಮ್ಮ ಗಾಡಿಯದ್ದು ಮ್ಯಾನ್ಯುಯಲ್‌ನಲ್ಲಿ ನೋಡಿ, ನಡುವಿನಿಂದ ಹೊರಗೆ ಬಿಗಿ ಮಾಡುತ್ತ ಹೋಗಿ. ಪ್ಯಾಕಿಂಗ್ ತುಂಬ ಸಿಲಿಕೋನ್ ಪೇಸ್ಟ್ ಬಳಿಯುವವರನ್ನು ಕಂಡರೆ ನನಗೆ ಆಗಲ್ಲ. ಒಳಗೆ ಉಬ್ಬಿದ ಚೂರು ಕಿತ್ತು ಚೇಂಬರ್‌ಗೆ ಬಿದ್ದು, ಆಯಿಲ್ ಪಂಪಿನ ಜಾಳಿಗೆ ಕಟ್ಟಿಕೊಂಡರೆ ಎಂಜಿನ್ನೇ ಹೋಗುತ್ತದೆ. ಕಂಪನಿ ಹೇಳಿದ ಮೂಲೆಗಳಿಗೆ ಒಂದೊಂದು ಹನಿ ಹಾಕಿದರೆ ಮುಗಿಯಿತು.

ಸರ್ವಿಸ್ ಆದ ಮೇಲೆ ಸೋರಿಕೆ ಶುರುವಾಯಿತಾ? ಡ್ರೈನ್ ಬೋಲ್ಟ್ ವಾಷರ್ ನೋಡಿ, ಹಳೇ ಫಿಲ್ಟರಿನ ರಬ್ಬರ್ ರಿಂಗ್ ಬ್ಲಾಕಿಗೇ ಅಂಟಿಕೊಂಡು ಉಳಿದಿದೆಯಾ ನೋಡಿ.

ಸೀಲ್ ಹೊಸದು ಹಾಕಿದರೂ ಮತ್ತೆ ಸೋರಿದರೆ ಸೀಲನ್ನು ಬೈಯುವ ಮೊದಲು ಬ್ರೀದರ್ ಪೈಪ್, ಪಿಸಿವಿ ವಾಲ್ವ್ ಬಿಚ್ಚಿ ನೋಡಬೇಕು. ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುವ ಗ್ಯಾಸ್ ಹೊರಗೆ ಹೋಗುವ ದಾರಿ ಅದು. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಆಯಿಲ್ಲನ್ನು ಎಲ್ಲಿ ಸಂದಿ ಇದೆಯೋ ಅಲ್ಲಿಂದ ದೂಡುತ್ತದೆ. ಬ್ರೀದರ್ ಸರಿಯಿದ್ದೂ ಐಡಲ್‌ನಲ್ಲಿ ಆಯಿಲ್ ಮುಚ್ಚಳ ತೆಗೆದಾಗ ಜೋರಾಗಿ ಹೊಗೆ ಉಗುಳಿದರೆ ರಿಂಗ್ ಸವೆದಿರಬಹುದು. ಅದು ಬೇರೆಯದೇ ದೊಡ್ಡ ಕೆಲಸ.

ಬರೀ ತೇವ ಇದ್ದರೆ ಗಾಬರಿ ಬೇಡ, ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುತ್ತ ಓಡಿಸಬಹುದು. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಹನಿ ಬಿದ್ದು ಸುಟ್ಟ ವಾಸನೆ ಬಂದರೆ ತಡ ಮಾಡಬೇಡಿ, ಬೆಂಕಿ ಹತ್ತಬಹುದು. ಟೈಮಿಂಗ್ ಬೆಲ್ಟ್‌ಗೆ ಆಯಿಲ್ ತಾಗಿದ್ದರೂ ತಡ ಮಾಡಬೇಡಿ. ಕೆಂಪು ಆಯಿಲ್ ದೀಪ ಹತ್ತಿದರೆ ಧಾರವಾಡ ಬೈಪಾಸ್ ಮೇಲಿದ್ದರೂ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಹುಬ್ಬಳ್ಳಿ ಇನ್ನೇನು ಬಂತಲ್ವಾ ಅಂತ ಓಡಿಸಬೇಡಿ.

ಗೇರ್‌ಬಾಕ್ಸ್ ಇಳಿಸಬೇಕು ಅಂತ ಯಾರೇ ಹೇಳಲಿ, ನಾನೇ ಹೇಳಲಿ, ಒಪ್ಪುವ ಮೊದಲು ತೊಳೆದ ಎಂಜಿನ್ ಮೇಲೆ ಟಾರ್ಚ್ ಬಿಟ್ಟು ಆ ಒದ್ದೆ ಜಾಗ ತೋರಿಸಲು ಹೇಳಿ.